ಮುಸ್‌ಅಬ್: ಒಂದು ಅಪರೂಪದ ಹೆಸರಿನ ಉಚ್ಚಾರ ಮತ್ತು ಚರಿತ್ರೆ

ಮಗು ಜನಿಸಿದಾಗ ಹೆತ್ತವರು ಅದಕ್ಕೆ ನೀಡುವ ಮೊದಲ ಉಡುಗೊರೆ ಹೆಸರು. ಬಟ್ಟೆ ಹರಿಯುತ್ತದೆ, ಆಟಿಕೆ ಮುರಿಯುತ್ತದೆ, ಮನೆಯನ್ನೂ ಬಿಟ್ಟು ಹೋಗಬೇಕಾಗುತ್ತದೆ. ಆದರೆ ಹೆಸರು ಮಾತ್ರ ಮನುಷ್ಯನ ಜೊತೆ ಕಬರಿನವರೆಗೂ ಸಾಗುತ್ತದೆ. ಆದ್ದರಿಂದಲೇ ಇಸ್ಲಾಮ್ ಮಗುವಿಗೆ ಒಳ್ಳೆಯ ಹೆಸರಿಡುವುದನ್ನು ಹೆತ್ತವರ ಹೊಣೆಗಾರಿಕೆಯಾಗಿ ಕಂಡಿದೆ. ಪ್ರವಾದಿ ಮುಹಮ್ಮದರು(ಸ) ಹಲವರ ಹೆಸರುಗಳ ಅರ್ಥವನ್ನು ಗಮನಿಸಿ, ಕೆಟ್ಟ ಅರ್ಥವಿರುವುದನ್ನು ಬದಲಿಸಿ, ಒಳ್ಳೆಯ ಹೆಸರುಗಳನ್ನು ಇಟ್ಟ ಘಟನೆಗಳು ಹದೀಸ್ ಗ್ರಂಥಗಳಲ್ಲಿವೆ.

ನಮ್ಮ ಮನೆಗಳಲ್ಲಿ ಅಬ್ದುಲ್ಲಾ, ಉಮರ್, ಬಿಲಾಲ್, ಹಂಝಾ, ಖಾಲಿದ್ ಎಂಬ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಇಸ್ಲಾಮಿನ ಆರಂಭ ಕಾಲದ ಒಬ್ಬ ಮಹಾನ್ ಸಹಾಬಿಯ ಹೆಸರು ನಮ್ಮ ಹಿಂದಿನ ತಲೆಮಾರುಗಳಲ್ಲಿ ಬಹಳ ವಿರಳವಾಗಿತ್ತು. ಈಗ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಕೇಳಿಬರುತ್ತಿದೆ. ಅದುವೇ ಮುಸ್‌ಅಬ್. ಸಹಾಬಿಗಳ ಚರಿತ್ರೆಯನ್ನು ಓದಿ ಮನಸೋತ ತಾಯಿ ತಂದೆಯರು ಈ ಹೆಸರನ್ನು ಆರಿಸುತ್ತಾರೆ. ಆದರೆ ಮಗು ಬೆಳೆದಂತೆ ಹೆಸರು ಬಾಯಿಂದ ಬಾಯಿಗೆ ಸವೆಯತೊಡಗುತ್ತದೆ. ಒಬ್ಬರು 'ಮುಸಬ್' ಎನ್ನುತ್ತಾರೆ, ಇನ್ನೊಬ್ಬರು 'ಮುಸೈಬ್' ಎನ್ನುತ್ತಾರೆ, ಹೆಚ್ಚಿನವರು 'ಮುಸಾಬ್' ಎಂದು ಎಳೆಯುತ್ತಾರೆ. ಕೊನೆಗೆ ಮನೆಯವರೂ ಅದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಇದು ಬರಿಯ ಉಚ್ಚಾರದ ಸಣ್ಣ ವಿಷಯವೇ? ಅಥವಾ ಹೆಸರಿನೊಂದಿಗೆ ಇನ್ನೇನಾದರೂ ಕಳೆದುಹೋಗುತ್ತಿದೆಯೇ?

ಅಕ್ಷರಗಳೂ ಅರ್ಥವೂ

ಅರಬಿ ಭಾಷೆಯಲ್ಲಿ ಈ ಹೆಸರಿಗೆ ನಾಲ್ಕು ಅಕ್ಷರಗಳಿವೆ: ಮೀಮ್, ಸ್ವಾದ್, ಐನ್, ಬಾ. ಮೀಮ್‌ಗೆ ಉಕಾರ, ಸ್ವಾದ್‌ಗೆ ಸುಕೂನ್, ಐನ್‌ಗೆ ಅಕಾರ. ಸ್ವಾದ್ ನಮ್ಮ ಕನ್ನಡದ 'ಸ'ಕಾರಕ್ಕಿಂತ ದಪ್ಪನೆಯ ಧ್ವನಿ; ಅದನ್ನು ಹೇಳುವಾಗ ನಾಲಿಗೆಯ ಹಿಂಭಾಗ ಮೇಲಕ್ಕೇಳುತ್ತದೆ. ಐನ್ ನಡುಗಂಟಲಿನಿಂದ ಹೊರಡುವ ಅಕ್ಷರ. ಈ ಎರಡು ಅಕ್ಷರಗಳೂ ಕನ್ನಡದಲ್ಲಿಲ್ಲ.

ಸ್ವಾದ್, ಐನ್, ಬಾ ಎಂಬ ಮೂಲಧಾತುವಿನಿಂದ ಬರುವ ಪದಗಳಲ್ಲಿ ಕಠಿಣತೆಯ ಅರ್ಥವಿದೆ. 'ಸಅಬ್' ಎಂದರೆ ಕಷ್ಟವಾದದ್ದು, ಸುಲಭವಾಗಿ ಮಣಿಯದ್ದು. ಅರಬಿ ನಿಘಂಟುಕಾರರ ಪ್ರಕಾರ 'ಮುಸ್‌ಅಬ್' ಎಂದರೆ ಯಾರೂ ಸವಾರಿ ಮಾಡದ, ಹೊರೆ ಹೊರಿಸದ, ಮೂಗುದಾರ ಕಾಣದೆ ಸ್ವತಂತ್ರವಾಗಿ ಬಿಡಲ್ಪಟ್ಟ ಶ್ರೇಷ್ಠ ತಳಿಯ ಗಂಡು ಒಂಟೆ. ನಮ್ಮ ಹಳ್ಳಿಗಳಲ್ಲಿ ನೊಗಕ್ಕೆ ಕಟ್ಟದೆ ಬೀಜಕ್ಕೆಂದು ಬಿಟ್ಟ ಹೋರಿಯನ್ನು ಬಲ್ಲವರಿಗೆ ಈ ಅರ್ಥ ಕೂಡಲೇ ಮನವರಿಕೆಯಾದೀತು. ಒಂಟೆಯ ಜೊತೆ ಬದುಕಿದ ಜನ ಇಂತಹ ಒಂಟೆಯ ಹೆಸರನ್ನು ಮನುಷ್ಯನಿಗೂ ಬಳಸಿದರು. ಯಾರಿಗೂ ತಲೆಬಾಗದ ನಾಯಕನನ್ನು ಅವರು 'ಮುಸ್‌ಅಬ್' ಎಂದು ಕರೆದರು.

ಈಗ ಇದೇ ಹೆಸರಿನಿಂದ ಐನ್ ಅಕ್ಷರವನ್ನು ಕೈಬಿಟ್ಟು, ಸಕಾರವನ್ನು ಎಳೆದು 'ಮುಸಾಬ್' ಎಂದು ಹೇಳಿದರೆ ಏನಾಗುತ್ತದೆ? ಅರಬಿಯಲ್ಲಿ 'ಮುಸಾಬ್' ಎಂಬುದು ಅರ್ಥವಿಲ್ಲದ ಶಬ್ದವಲ್ಲ. ಅದು ಸ್ವಾದ್, ವಾವ್, ಬಾ ಎಂಬ ಬೇರೊಂದು ಧಾತುವಿನ ಪದ. ಅದರ ಅರ್ಥ ವಿಪತ್ತಿಗೆ ಸಿಲುಕಿದವನು, ಗಾಯಗೊಂಡವನು, ರೋಗ ತಗಲಿದವನು. ಅಪಘಾತದ ಸುದ್ದಿಯಲ್ಲಿ ಗಾಯಾಳುಗಳನ್ನು ಅರಬಿ ಪತ್ರಿಕೆಗಳು ಕರೆಯುವುದು ಇದೇ ಪದದಿಂದ. ನಾವೆಲ್ಲರೂ ಬಲ್ಲ 'ಮುಸೀಬತ್' ಎಂಬ ಪದ ಇದರ ಒಡಹುಟ್ಟು. ಅಂದರೆ ಯಾರಿಗೂ ಮಣಿಯದ ಧೀರನೆಂದು ಹೆಸರಿಟ್ಟ ಮಗನನ್ನು ನಾವು ದಿನಕ್ಕೆ ಹತ್ತಾರು ಬಾರಿ ಮುಸೀಬತ್ತಿಗೆ ಸಿಕ್ಕವನೆಂದು ಕರೆಯುತ್ತಿರುತ್ತೇವೆ. ಕರೆಯುವವರ ಉದ್ದೇಶ ಅದಲ್ಲ, ನಿಜ. ಆದರೆ ಅರಬಿ ಬಲ್ಲವನ ಕಿವಿಗೆ ಬೀಳುವುದು ಅದೇ.

ಹೀಗಾಗಲು ಕಾರಣ ನಮ್ಮ ಭಾಷೆಗಳ ಸ್ವಭಾವ. ಕನ್ನಡದಲ್ಲಿ ವ್ಯಂಜನದ ಮುಂದೆ ಸ್ವರ ಬಂದರೆ ಅವೆರಡೂ ಕೂಡಿ ಗುಣಿತಾಕ್ಷರವಾಗುತ್ತವೆ. 'ಮುಸ್' ಎಂಬುದರ ಮುಂದೆ 'ಅಬ್' ಬಂದರೆ ಕನ್ನಡದ ನಾಲಿಗೆ ತಾನಾಗಿಯೇ 'ಮುಸಬ್' ಎನ್ನುತ್ತದೆ. ಉರ್ದು ಮತ್ತು ದಖ್ಖನಿಯಲ್ಲಿ ಐನ್ ಅಕ್ಷರವನ್ನು ಬರೆಯುತ್ತಾರೆಯೇ ಹೊರತು ಮಾತಿನಲ್ಲಿ ಅದಕ್ಕೆ ಪ್ರತ್ಯೇಕ ಧ್ವನಿಯಿಲ್ಲ. ಅದು ಪಕ್ಕದ ಸ್ವರದಲ್ಲಿ ಕರಗಿ ಹೋಗುತ್ತದೆ, ಕೆಲವೊಮ್ಮೆ ಆ ಸ್ವರವನ್ನು ಉದ್ದ ಮಾಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಐನನ್ನು ಸೂಚಿಸುವ ನಡುವಿನ ಸಣ್ಣ ಚಿಹ್ನೆ ದಾಖಲೆಗಳಲ್ಲಿ ಬಿಟ್ಟುಹೋಗುತ್ತದೆ. ಹೀಗೆ ಮೂರು ಕಡೆಯಿಂದಲೂ ಐನ್ ಮರೆಯಾಗುತ್ತದೆ.

ಆದರೆ ಇದು ನಮ್ಮ ನಾಲಿಗೆಗೆ ಎಟುಕದ ಸಂಗತಿಯೇನಲ್ಲ. 'ಕುರ್‌ಆನ್' ಎಂಬ ಪದವನ್ನೇ ನೋಡೋಣ. ಅಲ್ಲಿಯೂ ಹಲಂತದ ಮುಂದೆ ಸ್ವರವಿದೆ. ನಾವು ಅದನ್ನು ಕೂಡಿಸಿ 'ಕುರಾನ್' ಎನ್ನದೆ, ಬಿಡಿಸಿ 'ಕುರ್‌ಆನ್' ಎಂದೇ ಬರೆಯುತ್ತೇವೆ, ಹೇಳುತ್ತೇವೆ. ಪ್ರತಿದಿನದ ನಮಾಝಿನಲ್ಲಿ ಓದುವ ಅಲ್ ಫಾತಿಹಾ ಅಧ್ಯಾಯದ 'ಸಿರಾತ್' ಎಂಬ ಪದದಲ್ಲಿ ಸ್ವಾದ್ ಇದೆ, 'ಆಲಮೀನ್' ಎಂಬ ಪದದಲ್ಲಿ ಐನ್ ಇದೆ. ಫಾತಿಹಾ ಓದಲು ಬಂದ ಮಗುವಿಗೆ ಮುಸ್‌ಅಬ್ ಎನ್ನಲು ಬೇಕಾದ ಎರಡು ಅಕ್ಷರಗಳೂ ಬಂದಿವೆ ಎಂದೇ ಅರ್ಥ.

ಹೆಸರು ಹೊತ್ತ ಆ ಮಹಾನುಭಾವ

ಈ ಹೆಸರಿನ ತೂಕ ತಿಳಿಯಬೇಕಾದರೆ ಅದನ್ನು ಹೊತ್ತ ಮುಸ್‌ಅಬ್ ಬಿನ್ ಉಮೈರ್(ರ) ಅವರ ಬದುಕನ್ನು ಅರಿಯಬೇಕು. ಅವರು ಮಕ್ಕಾದ ಕುರೈಷ್ ಬುಡಕಟ್ಟಿನ ಅಬ್ದುದ್ದಾರ್ ಮನೆತನದವರು. ಕಅಬಾದ ಕೀಲಿಕೈ ಮತ್ತು ಯುದ್ಧದಲ್ಲಿ ಕುರೈಷರ ಧ್ವಜ ಹಿಡಿಯುವ ಹಕ್ಕು ಆ ಮನೆತನದ್ದಾಗಿತ್ತು. ತಾಯಿ ಖುನಾಸ್ ಬಿಂತ್ ಮಾಲಿಕ್ ಶ್ರೀಮಂತೆ, ಮಗನ ಮೇಲೆ ಅಪಾರ ಪ್ರೀತಿಯುಳ್ಳವಳು. ಮಕ್ಕಾದ ಯುವಕರಲ್ಲಿ ಅತ್ಯುತ್ತಮ ಉಡುಪು, ಅತ್ಯುತ್ತಮ ಸುಗಂಧ ಅವರದೇ ಆಗಿತ್ತೆಂದು ಚರಿತ್ರೆಕಾರರು ಬರೆದಿದ್ದಾರೆ.

ಪ್ರವಾದಿವರ್ಯರು(ಸ) ಅರ್ಕಮ್‌ರ ಮನೆಯಲ್ಲಿ ಗುಪ್ತವಾಗಿ ಬೋಧನೆ ನಡೆಸುತ್ತಿದ್ದ ಕಾಲದಲ್ಲಿಯೇ ಅವರು ಇಸ್ಲಾಮ್ ಸ್ವೀಕರಿಸಿದರು. ವಿಷಯ ತಿಳಿದ ಮನೆಯವರು ಅವರನ್ನು ಬಂಧನದಲ್ಲಿಟ್ಟರು. ಅವರು ತಪ್ಪಿಸಿಕೊಂಡು ಅಬಿಸೀನಿಯಾಕ್ಕೆ ಹಿಜ್ರತ್ ಹೋದರು. ಮರಳಿ ಬಂದಾಗ ಆ ಹಿಂದಿನ ಬಟ್ಟೆಬರೆಯಾಗಲಿ ಸುಖವಾಗಲಿ ಉಳಿದಿರಲಿಲ್ಲ. ಆದರೆ ತಾಯಿಯ ಪ್ರೀತಿಗೂ ಹಸಿವಿಗೂ ಬಂಧನಕ್ಕೂ ಅವರು ಮಣಿಯಲಿಲ್ಲ.

ಕ್ರಿ.ಶ. 621ರಲ್ಲಿ ಮೊದಲ ಅಖಬಾ ಪ್ರತಿಜ್ಞೆ ನಡೆದಾಗ ಯಸ್ರಿಬ್‌ನ 12 ಮಂದಿ ಪ್ರವಾದಿಯವರೊಂದಿಗೆ(ಸ) ಕರಾರು ಮಾಡಿಕೊಂಡರು. ಅವರಿಗೆ ಕುರ್‌ಆನ್ ಕಲಿಸಲು ಪ್ರವಾದಿವರ್ಯರು(ಸ) ಆರಿಸಿದ್ದು ಮುಸ್‌ಅಬ್‌ರನ್ನು. ಯಸ್ರಿಬ್‌ನಲ್ಲಿ ಅವರು ಅಸ್‌ಅದ್ ಬಿನ್ ಝುರಾರಾ(ರ) ಅವರ ಮನೆಯಲ್ಲಿ ತಂಗಿದರು. ಜನರು ಅವರನ್ನು 'ಮುಕ್ರಿ', ಅಂದರೆ ಓದಿಸುವವರು, ಎಂದು ಕರೆಯತೊಡಗಿದರು. ಉಸೈದ್ ಬಿನ್ ಹುಳೈರ್ ಈಟಿ ಹಿಡಿದು ಸಿಟ್ಟಿನಿಂದ ಬಂದಾಗ ಮುಸ್‌ಅಬ್(ರ) ಅವರನ್ನು ಶಾಂತವಾಗಿ ಕುಳ್ಳಿರಿಸಿ, ಮೊದಲು ಕೇಳಿ, ಇಷ್ಟವಾದರೆ ಸ್ವೀಕರಿಸಿ, ಇಲ್ಲವಾದರೆ ನಾವು ನಿಲ್ಲಿಸುತ್ತೇವೆ ಎಂಬ ಅರ್ಥದ ಮಾತನ್ನಾಡಿದರು. ಕುರ್‌ಆನ್ ಆಲಿಸಿದ ಉಸೈದ್ ಅಲ್ಲಿಯೇ ಇಸ್ಲಾಮ್ ಸ್ವೀಕರಿಸಿದರು. ನಂತರ ಬಂದ ಗೋತ್ರ ನಾಯಕ ಸಅದ್ ಬಿನ್ ಮುಆದ್ ಅವರೂ ಹಾಗೆಯೇ. ಮುಂದಿನ ವರ್ಷದ ಎರಡನೆಯ ಅಖಬಾ ಪ್ರತಿಜ್ಞೆಗೆ ಯಸ್ರಿಬ್‌ನಿಂದ ಬಂದವರು 70ಕ್ಕೂ ಹೆಚ್ಚು ಮಂದಿ. ಒಂದು ಖಡ್ಗವನ್ನೂ ಎತ್ತದೆ ಒಂದು ನಗರದ ಮನೆಮನೆಯ ಬಾಗಿಲು ತೆರೆಸಿದವರು ಈ ಯುವ ಶಿಕ್ಷಕ.

ಕ್ರಿ.ಶ. 624ರ ಬದ್ರ್‌ನಲ್ಲಿಯೂ ಮರುವರ್ಷದ ಉಹುದ್‌ನಲ್ಲಿಯೂ ಮುಸ್ಲಿಮರ ಧ್ವಜ ಅವರ ಕೈಯಲ್ಲಿತ್ತು. ಉಹುದ್‌ನಲ್ಲಿ ಎದುರು ಪಾಳಯದ ಧ್ವಜವನ್ನು ಹಿಡಿದಿದ್ದವರೂ ಅದೇ ಅಬ್ದುದ್ದಾರ್ ಮನೆತನದವರು. ಆ ದಿನ ಇಬ್ನು ಕಮಿಅ ಎಂಬವನು ಮುಸ್‌ಅಬ್‌ರನ್ನು ಕೊಂದು, ತಾನು ಕೊಂದಿದ್ದು ಪ್ರವಾದಿಯವರನ್ನೇ(ಸ) ಎಂದು ಭಾವಿಸಿ ಕೂಗಿದನು. ಹುತಾತ್ಮರಾದ ಮುಸ್‌ಅಬ್‌ರಿಗೆ ಕಫನ್ ಹೊದಿಸಲು ಸಿಕ್ಕಿದ್ದು ಒಂದೇ ಒಂದು ಬಟ್ಟೆ. ತಲೆ ಮುಚ್ಚಿದರೆ ಕಾಲು ಹೊರಗೆ, ಕಾಲು ಮುಚ್ಚಿದರೆ ತಲೆ ಹೊರಗೆ. ಪ್ರವಾದಿವರ್ಯರು(ಸ) ತಲೆಯನ್ನು ಬಟ್ಟೆಯಿಂದಲೂ ಕಾಲನ್ನು ಇದ್‌ಖಿರ್ ಹುಲ್ಲಿನಿಂದಲೂ ಮುಚ್ಚುವಂತೆ ಹೇಳಿದರೆಂದು ಖಬ್ಬಾಬ್(ರ) ವರದಿ ಮಾಡಿದ್ದಾರೆ. ವರ್ಷಗಳ ಬಳಿಕ, ಶ್ರೀಮಂತರಾಗಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಮುಂದೆ ಇಫ್ತಾರಿನ ಆಹಾರ ಇಟ್ಟಾಗ ಅವರು ಈ ಕಫನನ್ನು ನೆನೆದು ಅತ್ತು ಊಟವನ್ನೇ ಬಿಟ್ಟರು. ಇವೆರಡೂ ಸಹೀಹ್ ಬುಖಾರಿಯಲ್ಲಿವೆ.

ಹೆಸರು ಉಳಿದುಬಂದ ಬಗೆ

ಮುಸ್‌ಅಬ್‌ರಿಗೆ(ರ) ಗಂಡುಮಕ್ಕಳಿರಲಿಲ್ಲ. ಪತ್ನಿ ಹಮ್ನಾ ಬಿಂತ್ ಜಹ್ಷ್(ರ) ಅವರಿಂದ ಝೈನಬ್ ಎಂಬ ಒಬ್ಬಳು ಮಗಳಿದ್ದಳು. ಆದ್ದರಿಂದ ಅವರ ಹೆಸರು ವಂಶದ ಮೂಲಕ ಮುಂದುವರಿಯಲಿಲ್ಲ. ಅವರನ್ನು ಪ್ರೀತಿಸಿದ ಸಂಗಾತಿಗಳ ಮನೆಗಳಲ್ಲಿ ಅದು ಮರುಹುಟ್ಟು ಪಡೆಯಿತು. ಝುಬೈರ್ ಬಿನ್ ಅವ್ವಾಮ್(ರ) ತಮ್ಮ ಪುತ್ರರಿಗೆ ಹುತಾತ್ಮರ ಹೆಸರುಗಳನ್ನೇ ಇಡುತ್ತಿದ್ದರೆಂದು ಇಬ್ನು ಸಅದ್ ದಾಖಲಿಸಿದ್ದಾರೆ. ಹಂಝಾರ ನೆನಪಿಗೆ ಹಂಝಾ, ಜಅಫರ್‌ರ ನೆನಪಿಗೆ ಜಅಫರ್, ಮುಂದಿರ್ ಬಿನ್ ಅಮ್ರ್‌ರ ನೆನಪಿಗೆ ಮುಂದಿರ್. ಹಾಗೆಯೇ ಮುಸ್‌ಅಬ್ ಬಿನ್ ಉಮೈರ್‌ರ ನೆನಪಿಗೆ ಮುಸ್‌ಅಬ್. ಈ ಮುಸ್‌ಅಬ್ ಬಿನ್ ಝುಬೈರ್ ಮುಂದೆ ಬಸರಾದ ರಾಜ್ಯಪಾಲರಾಗಿ, ಹಿಜ್‌ರಿ 72ರಲ್ಲಿ ಅಬ್ದುಲ್ ಮಲಿಕ್‌ನ ಸೇನೆಯ ವಿರುದ್ಧದ ಯುದ್ಧದಲ್ಲಿ ಮಡಿದರು.

ಸಅದ್ ಬಿನ್ ಅಬೀ ವಕ್ಕಾಸ್‌ರ(ರ) ಒಬ್ಬ ಪುತ್ರನ ಹೆಸರೂ ಮುಸ್‌ಅಬ್. ತಂದೆಯಿಂದ ಅವರು ವರದಿ ಮಾಡಿದ ಹದೀಸ್‌ಗಳು ಪ್ರಸಿದ್ಧ ಗ್ರಂಥಗಳಲ್ಲಿವೆ. ಝುಬೈರ್ ವಂಶದಲ್ಲಿ ಈ ಹೆಸರು ತಲೆಮಾರುಗಳ ಕಾಲ ಬಾಳಿತು. ಕುರೈಷರ ವಂಶಾವಳಿಯ ಕುರಿತು 'ನಸಬು ಕುರೈಷ್' ಎಂಬ ಗ್ರಂಥ ಬರೆದು ಹಿಜ್‌ರಿ 236ರಲ್ಲಿ ನಿಧನರಾದ ವಿದ್ವಾಂಸರ ಹೆಸರು ಮುಸ್‌ಅಬ್ ಬಿನ್ ಅಬ್ದುಲ್ಲಾ. ಅವರ ಅಜ್ಜನ ಹೆಸರೂ ಮುಸ್‌ಅಬ್. ಇಮಾಮ್ ಮಾಲಿಕರಿಂದ ಮುವತ್ತಾ ಗ್ರಂಥವನ್ನು ವರದಿ ಮಾಡಿದವರಲ್ಲಿ ಮದೀನಾದ ಅಬೂ ಮುಸ್‌ಅಬ್ ಝುಹ್‌ರಿ ಒಬ್ಬರು. ಅಂದರೆ ಇದು ಎಂದೂ ಎಲ್ಲೆಡೆ ಕಿಕ್ಕಿರಿದ ಹೆಸರಾಗದಿದ್ದರೂ, ಮದೀನಾದ ವಿದ್ಯಾವಂತ ಮನೆತನಗಳಲ್ಲಿ ನೆನಪಿನ ಹೆಸರಾಗಿ ಉಳಿದಿತ್ತು.

ನಮ್ಮ ನಾಡಿನಲ್ಲಿ ಹಿರಿಯರು ತಮ್ಮ ಮಕ್ಕಳಿಗೆ ಹೆಸರಿಡುವಾಗ ಪ್ರವಾದಿಗಳ, ಪ್ರಮುಖ ಖಲೀಫರ, ಶೈಖ್ ಅಬ್ದುಲ್ ಕಾದಿರ್ ಜೀಲಾನಿಯವರಂತಹ ಮಹಾತ್ಮರ ಹೆಸರುಗಳನ್ನು ಹೆಚ್ಚಾಗಿ ಆರಿಸಿದರು. ಆ ಹೆಸರುಗಳು ನಾಲಿಗೆಯ ಮೇಲೆ ನಮ್ಮದೇ ರೂಪ ತಾಳಿದವು. ಮುಹ್‌ಯುದ್ದೀನ್ ಎಂಬುದು ಮೊಯ್ದೀನ್ ಆಯಿತು, ಮುಹಮ್ಮದ್ ಎಂಬುದು ಕರಾವಳಿಯಲ್ಲಿ ಮಮ್ಮದ್ ಆಯಿತು, ಅಬೂಬಕ್ರ್ ಎಂಬುದು ಅಬೂಬಕ್ಕರ್ ಆಯಿತು. ಇದನ್ನು ಕಂಡು ಹಿರಿಯರನ್ನು ಹೀಗಳೆಯುವುದು ಸಲ್ಲದು. ಪ್ರೀತಿಯಿಂದ ಕರೆದು ಕರೆದು ಸವೆದ ಹೆಸರುಗಳವು. ಮೊಯ್ದೀನ್ ಎಂದಾಗ ಕೇಳುವವನ ಮನಸ್ಸಿಗೆ ಬೇರಾವ ಅರ್ಥವೂ ಬರುವುದಿಲ್ಲ. ಆದರೆ ಕೆಲವು ಹೆಸರುಗಳಲ್ಲಿ ಮೊಟಕು ಮಾಡಿದರೆ ಅರ್ಥವೇ ಬದಲಾಗುತ್ತದೆ. ಅಬ್ದುರ್ರಹ್ಮಾನ್ ಎಂಬ ಹೆಸರಿನಲ್ಲಿ 'ಅಬ್ದ್' ಕೈಬಿಟ್ಟು ಬರಿಯ ರಹ್ಮಾನ್ ಎಂದು ಕರೆಯಬಾರದೆಂದು ಉಲಮಾಗಳು ಎಚ್ಚರಿಸುವುದು ಇದಕ್ಕಾಗಿಯೇ. ಮುಸ್‌ಅಬ್ ಎಂಬುದರ ವಿಷಯ ಅಷ್ಟು ಗಂಭೀರವಲ್ಲದಿದ್ದರೂ, ಅದೂ ಅರ್ಥ ಬದಲಾಗುವ ಹೆಸರುಗಳ ಸಾಲಿಗೇ ಸೇರುತ್ತದೆ.

ಉಚ್ಚಾರವನ್ನು ಕಾಪಾಡಿದ ಪರಂಪರೆ

ಹೆಸರಿನ ಉಚ್ಚಾರಕ್ಕೆ ಇಷ್ಟು ಮಹತ್ವ ನೀಡಬೇಕೇ ಎಂದು ಕೇಳುವವರು ಹದೀಸ್ ವಿದ್ವಾಂಸರ ಶ್ರಮವನ್ನು ಒಮ್ಮೆ ನೋಡಬೇಕು. ಅರಬಿ ಬರಹದಲ್ಲಿ ಒಂದೇ ರೀತಿ ಕಾಣುವ, ಆದರೆ ಉಚ್ಚಾರದಲ್ಲಿ ಬೇರೆಯಾಗುವ ಹೆಸರುಗಳಿಗಾಗಿಯೇ ಅವರು ಪ್ರತ್ಯೇಕ ಶಾಸ್ತ್ರವನ್ನು ಬೆಳೆಸಿದರು. ಸಲಾಮ್ ಮತ್ತು ಸಲ್ಲಾಮ್, ಹಿಝಾಮ್ ಮತ್ತು ಹರಾಮ್, ಉಬೈದಾ ಮತ್ತು ಅಬೀದಾ, ಇವು ಚುಕ್ಕಿ ಮತ್ತು ಸ್ವರಚಿಹ್ನೆಗಳಿಲ್ಲದೆ ಬರೆದರೆ ಒಂದೇ ರೀತಿ ಕಾಣುತ್ತವೆ. ಹಿಜ್‌ರಿ 385ರಲ್ಲಿ ನಿಧನರಾದ ಇಮಾಮ್ ದಾರಕುತ್ನಿ ಈ ವಿಷಯದಲ್ಲಿ 'ಅಲ್ ಮುಅ್‌ತಲಿಫ್ ವಲ್ ಮುಖ್ತಲಿಫ್' ಎಂಬ ಬೃಹತ್ ಗ್ರಂಥ ಬರೆದರು. ನಂತರ ಇಬ್ನು ಮಾಕೂಲಾ, ದಹಬಿ, ಇಬ್ನು ಹಜರ್ ಮುಂತಾದವರು ಅದನ್ನು ಮುಂದುವರಿಸಿದರು. ಹೆಸರಿನ ಒಂದು ಸ್ವರ ತಪ್ಪಿದರೆ ಒಬ್ಬ ವ್ಯಕ್ತಿ ಇನ್ನೊಬ್ಬನಾಗಿಬಿಡುತ್ತಾನೆ ಎಂಬ ಪ್ರಜ್ಞೆ ಅವರಿಗಿತ್ತು.

ತಾಬಿಈಗಳಲ್ಲಿ ಅಗ್ರಗಣ್ಯರಾದ ಸಈದ್ ಬಿನ್ ಮುಸಯ್ಯಿಬ್ ಅವರ ಕುಟುಂಬದಲ್ಲಿ ಹೆಸರಿನ ಎರಡು ಪಾಠಗಳಿವೆ. ಅವರ ಅಜ್ಜನ ಹೆಸರು ಹಝ್ನ್, ಅಂದರೆ ಒರಟು ನೆಲ. ಪ್ರವಾದಿವರ್ಯರು(ಸ) ಅದನ್ನು ಸಹ್ಲ್, ಅಂದರೆ ಸಮತಲ, ಎಂದು ಬದಲಿಸಲು ಸೂಚಿಸಿದಾಗ ತಂದೆ ಇಟ್ಟ ಹೆಸರನ್ನು ಬದಲಿಸಲಾರೆನೆಂದು ಅವರು ಹೇಳಿದರು. ಅಂದಿನಿಂದ ನಮ್ಮ ಮನೆತನದಲ್ಲಿ ಆ ಒರಟುತನ ಉಳಿದೇಹೋಯಿತು ಎಂದು ಸಈದ್ ಸ್ಮರಿಸಿದ್ದು ಬುಖಾರಿಯಲ್ಲಿದೆ. ಇನ್ನು ತಂದೆಯ ಹೆಸರು. ಮದೀನಾದವರು 'ಮುಸಯ್ಯಿಬ್' ಎಂದರೆ, ಇರಾಕಿನವರು 'ಮುಸಯ್ಯಬ್' ಎನ್ನುತ್ತಿದ್ದರು. ಮೊದಲನೆಯದರ ಅರ್ಥ ಬಿಡುಗಡೆ ಮಾಡುವವನು. ಎರಡನೆಯದರದು ಹೇಳುವವರು ಕೇಳುವವರಿಲ್ಲದೆ ಬಿಡಲ್ಪಟ್ಟವನು. ತಮ್ಮ ತಂದೆಯನ್ನು ಎರಡನೆಯ ರೀತಿಯಲ್ಲಿ ಕರೆಯುವುದು ಸಈದ್‌ರಿಗೆ ಇಷ್ಟವಿರಲಿಲ್ಲವೆಂದು ವಿದ್ವಾಂಸರು ಬರೆದಿದ್ದಾರೆ. ಒಂದೇ ಒಂದು ಸ್ವರದ ವ್ಯತ್ಯಾಸ, ಆದರೆ ಮಗನ ಮನಸ್ಸಿಗೆ ಅದು ತಂದೆಯ ಗೌರವದ ಪ್ರಶ್ನೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಹಝ್ನ್ ಎಂಬ ಹೆಸರಿನಲ್ಲಿಯೂ ಕಠಿಣತೆಯಿದೆ, ಮುಸ್‌ಅಬ್ ಎಂಬುದರಲ್ಲಿಯೂ ಕಠಿಣತೆಯಿದೆ. ಆದರೂ ಮುಸ್‌ಅಬ್‌ರ ಹೆಸರು ಕೊನೆಯವರೆಗೆ ಹಾಗೆಯೇ ಉಳಿಯಿತು. ಒರಟುತನ ಬೇರೆ, ದಾಸ್ಯಕ್ಕೆ ಮಣಿಯದಿರುವುದು ಬೇರೆ. ಈಟಿ ಹಿಡಿದು ಬಂದವನೊಡನೆ ಮೃದುವಾಗಿ ಮಾತನಾಡಿದ ಮನುಷ್ಯನೇ ಉಹುದ್‌ನಲ್ಲಿ ಧ್ವಜ ಬಿಡದೆ ನಿಂತನು. ಆ ಹೆಸರಿಗೆ ಅದಕ್ಕಿಂತ ಉತ್ತಮವಾದ ವ್ಯಾಖ್ಯಾನ ಬೇಕಿಲ್ಲ.

ಹೆತ್ತವರು ಮಾಡಬಹುದಾದದ್ದು

ಈ ಹೆಸರನ್ನು ಇಟ್ಟವರು ಅಥವಾ ಇಡಬಯಸುವವರು ಹಿಂಜರಿಯಬೇಕಾಗಿಲ್ಲ. ಕನ್ನಡದಲ್ಲಿ ಬರೆಯುವಾಗ 'ಮುಸ್‌ಅಬ್' ಎಂದು 'ಅ'ಕಾರವನ್ನು ಬಿಡಿಯಾಗಿ ಬರೆದರೆ ಓದುವವನ ನಾಲಿಗೆ ತಾನಾಗಿಯೇ ನಡುವೆ ಎಚ್ಚರಗೊಳ್ಳುತ್ತದೆ. ಜನನ ನೋಂದಣಿ ಮಾಡಿಸುವಾಗಲೇ ಈ ಬಗ್ಗೆ ಗಮನವಿರಲಿ. ಒಮ್ಮೆ ಜನನ ಪ್ರಮಾಣಪತ್ರದಲ್ಲಿ ತಪ್ಪಾಗಿ ದಾಖಲಾದ ಹೆಸರು ಶಾಲೆ, ಆಧಾರ್, ಪಾಸ್‌ಪೋರ್ಟ್‌ಗಳವರೆಗೆ ಹಿಂಬಾಲಿಸುತ್ತದೆ. ನೋಂದಣಿ ಕಾಯಿದೆಯು ಮಗುವಿನ ಹೆಸರಿಲ್ಲದೆಯೂ ಜನನವನ್ನು ದಾಖಲಿಸಿ, ನಂತರ ಹೆಸರು ಸೇರಿಸಲು ಅವಕಾಶ ನೀಡಿದೆ. ಆದ್ದರಿಂದ ಆಸ್ಪತ್ರೆಯ ಅವಸರದಲ್ಲಿ ಏನನ್ನೋ ಬರೆಸುವ ಬದಲು, ಅಕೀಕಾದ ದಿನ ಹೆಸರು ನಿರ್ಧರಿಸಿ ಸರಿಯಾದ ಅಕ್ಷರಗಳಲ್ಲಿ ಬರೆಸುವುದು ಒಳಿತು.

ಉಚ್ಚಾರವಂತೂ ಮನೆಯಲ್ಲಿಯೇ ಆರಂಭವಾಗಬೇಕು. 'ಮುಸ್' ಎಂದು ಸಕಾರವನ್ನು ದಪ್ಪಗೆ ಮುಗಿಸಿ, ಉಸಿರು ನಿಲ್ಲಿಸದೆ ನಡುಗಂಟಲಿನಿಂದ 'ಅಬ್' ಎನ್ನಬೇಕು. ಎರಡೂ ಹ್ರಸ್ವ, ಎಲ್ಲಿಯೂ ಎಳೆತವಿಲ್ಲ. ತಾಯಿ ಹೀಗೆ ಕರೆದರೆ ಅಜ್ಜಿ ಕರೆಯುತ್ತಾಳೆ, ಅಜ್ಜಿ ಕರೆದರೆ ನೆರೆಹೊರೆ ಕರೆಯುತ್ತದೆ. ಶಾಲೆಯ ಶಿಕ್ಷಕರಿಗೆ ಅಥವಾ ಮುಸ್ಲಿಮೇತರ ಗೆಳೆಯರಿಗೆ ಐನ್ ಕಷ್ಟವಾದರೆ ಬೇಸರಿಸಬಾರದು. ಅವರು 'ಮುಸ್ ಅಬ್' ಎಂದು ಬಿಡಿಸಿ ಹೇಳಿದರೂ ಅರ್ಥ ಕೆಡುವುದಿಲ್ಲ. ತಿದ್ದುವಾಗ ಅಹಂಕಾರ ಬೇಡ. ಅಡ್ಡಹೆಸರುಗಳಿಂದ ಪರಸ್ಪರ ಕರೆಯುವುದನ್ನು ಅಲ್ ಹುಜುರಾತ್ ಅಧ್ಯಾಯ ತಡೆದಿದೆ ಎಂಬುದನ್ನು ಮಕ್ಕಳಿಗೂ ತಿಳಿಸಬೇಕು. ಏಕೆಂದರೆ ಅಪರೂಪದ ಹೆಸರು ಶಾಲೆಯಲ್ಲಿ ಬೇಗನೆ ಗೇಲಿಗೆ ಈಡಾಗುತ್ತದೆ. ತನ್ನ ಹೆಸರಿನ ಕಥೆ ಬಲ್ಲ ಮಗು ಆ ಗೇಲಿಗೆ ಕುಗ್ಗುವುದಿಲ್ಲ.

ಮದೀನಾಕ್ಕೆ ಕುರ್‌ಆನಿನ ಅಕ್ಷರಗಳನ್ನು ಬಾಯಿಂದ ಬಾಯಿಗೆ ಕಲಿಸಿದ ಶಿಕ್ಷಕನ ಹೆಸರನ್ನು ನಮ್ಮ ಮಕ್ಕಳಿಗೆ ಇಟ್ಟು, ಅದರ ಅಕ್ಷರಗಳನ್ನೇ ನಾವು ಕಳೆದುಬಿಡುವುದು ನ್ಯಾಯವಲ್ಲ. ಲೋಕ ಬಿಟ್ಟು ಹೋಗುವಾಗ ಮೈತುಂಬ ಬಟ್ಟೆಯೂ ಇರದಿದ್ದ ಆ ಸಹಾಬಿ ಉಳಿಸಿ ಹೋದದ್ದು ತಾವು ಕಲಿಸಿದ ಓದು ಮತ್ತು ತಮ್ಮ ಹೆಸರು. ಓದನ್ನು ನಾವು ಅಕ್ಷರ ಬಿಡದೆ ಕಾಪಾಡಿದ್ದೇವೆ. ಹೆಸರನ್ನೂ ಹಾಗೆಯೇ ಕಾಪಾಡೋಣ. ನಮ್ಮ ಮಕ್ಕಳನ್ನು ಅವರವರ ಹೆಸರಿನ ಒಳಿತಿಗೆ ತಕ್ಕವರನ್ನಾಗಿ ಅಲ್ಲಾಹನು ಬೆಳೆಸಲಿ. ಆಮೀನ್.